ಪದ್ಮಿನಿ ಅಕ್ಕ ಮತ್ತು ಎಂಟನೆಯ ತಪ್ಪು

ಮಾಂಬಳ್ಳಿಯ ಪದ್ಮಿನಿ ಅಕ್ಕನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯೊಂದು ಸಿಕ್ಕಿದರೆ ಸಾಕು, ಮುಖ ಅರಳುತ್ತದೆ. ಹನ್ನೊಂದು ವರ್ಷ ಅವರು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ನಿಂತವರು. ಗೂಡಿನಿಂದ ಕಳಚಿಹೋದ ಎಳೆಯ ತುದಿಯನ್ನು ಹುಡುಕಿ ಮತ್ತೆ ಸೇರಿಸುವುದೇ ಅವರ ಕೆಲಸವಾಗಿತ್ತು. ಕಾರ್ಖಾನೆಗೆ ಬೀಗ ಬಿದ್ದು ಮನೆಯಲ್ಲಿ ಕುಳಿತಿದ್ದಾಗ ಊರಿನ ರಸ್ತೆ ಬದಿಯಲ್ಲಿ ಕೇಬಲ್ ಕಂಟ್ರಾಕ್ಟರ್ ಶಾಂತಮೂರ್ತಿಯವರ ಜನ ಗುಂಡಿ ತೋಡಿಕೊಂಡು ಇಂಟರ್‌ನೆಟ್ ಸಾಗಿಸುವ ಗಾಜಿನ ಎಳೆ ಜೋಡಿಸುತ್ತಿದ್ದರಂತೆ. ರಾಗಿ ಹಿಟ್ಟು ಮಾಡಿಸಲು ಹೊರಟಿದ್ದ ಅಕ್ಕ ನಿಂತು ನೋಡಿದರು. ಒಂದು ಎಳೆ ಮುರಿಯಿತು. ಇನ್ನೊಂದು ಮುರಿಯಿತು. ಮೂರನೆಯದು ಮುರಿದಾಗ ಅಕ್ಕನಿಗೆ ತಡೆಯಲಾಗಲಿಲ್ಲ.

"ಅಣ್ಣೋ, ಅದ ಎಳೀಬ್ಯಾಡಿ. ಕರೀರಿ, ತಾನೇ ಬತ್ತದೆ."

"ಕರ್ಯದಾ? ಏನಂತ ಕರ್ಯಮಾ, ಅದುಕ್ಕೆ ಹೆಸ್ರಿಟ್ಟಿದ್ದೀಯ?" ಎಂದರು ಶಾಂತಮೂರ್ತಿ ರೇಗಿ.

ಅಕ್ಕ ಹಿಟ್ಟಿನ ಡಬ್ಬ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಎರಡು ಬೆರಳಿನಲ್ಲಿ ಎಳೆಯನ್ನು ಎತ್ತಿ ಎಳೆ ಬೆಸೆಯುವ ಯಂತ್ರದ ಸಣ್ಣ ಸೀಳಿನಲ್ಲಿ ಮಲಗಿಸಿದರು. ಯಂತ್ರ ಒಂದು ಕಿಡಿ ಹಾರಿಸಿ ಎರಡು ತುದಿಗಳನ್ನು ಕರಗಿಸಿ ಒಂದು ಮಾಡಿತು. ಅಂದಿನಿಂದ ಆರು ವರ್ಷ, ಕೊಳ್ಳೇಗಾಲದಿಂದ ಹನೂರಿನವರೆಗೆ, ಇತ್ತ ಯಳಂದೂರಿನವರೆಗೆ, ನೆಲದೊಳಗಿನ ಗಾಜಿನ ಎಳೆ ಎಲ್ಲಿ ತುಂಡಾದರೂ ಅಕ್ಕನೇ ಬರಬೇಕು. ಆದರೆ ದಿನಗೂಲಿ. ಗುರುತಿನ ಚೀಟಿ ಇಲ್ಲ, ರಜೆ ಇಲ್ಲ, ಯಾವ ಕಾಗದದಲ್ಲೂ ಅವರ ಹೆಸರಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಉಳಿದುಬಿಟ್ಟಿತ್ತು.

ನಾನು ಭವ್ಯಾ, ಧನಗೆರೆಯವಳು. ಶಾಂತಮೂರ್ತಿಯವರ ಆಫೀಸಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಲೈನ್ ಪರೀಕ್ಷೆ ಮಾಡುವ ಕೆಲಸ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಆದ್ದರಿಂದ ಗೊತ್ತಿದ್ದುದನ್ನೆಲ್ಲ ಯಾರಿಗಾದರೂ ವಿವರಿಸಿ ಹೇಳುವ ಚಟ ನನಗೆ. ಪದ್ಮಿನಿ ಅಕ್ಕ ಕೇಳಿಸಿಕೊಳ್ಳುತ್ತಾರೆ. ನಾವು ಜೊತೆಯಾದದ್ದು ಹಾಗೆ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಕೊಳ್ಳೇಗಾಲ–ಹನೂರು ಲೈನಿಗೆ ಹೊಸ ಯಂತ್ರ ಬಂತು. ಹಳೆಯದಕ್ಕಿಂತ ನೂರು ಪಟ್ಟು ವೇಗ. ದೂರಸಂಪರ್ಕ ಕಂಪನಿಯ ಅಧಿಕಾರಿ ಕುಮಾರಸ್ವಾಮಿಯವರು ಬಂದು ನೋಡಿ, ಶಾಂತಮೂರ್ತಿಯವರ ಎದುರಿಗೇ ಅಕ್ಕನಿಗೆ ಹೇಳಿದರು.

"ನೋಡಿಯಮ್ಮ, ಕಂಪನಿ ರೋಲಿಗೆ, ಖಾಯಂ ಆಗಿ, ಒಬ್ಬರನ್ನ ತಗೋಬಹುದು. ಸರ್ಟಿಫಿಕೇಟು ನಾನು ಕೇಳೋದಿಲ್ಲ, ಲೈನೇ ನಿಮ್ಮ ಸರ್ಟಿಫಿಕೇಟು. ಭಾನುವಾರ ಸಂಜೆ ಆರು ಗಂಟೆ ಒಳಗೆ, ಇಪ್ಪತ್ನಾಲ್ಕು ಗಂಟೆ ಮಾಹಿತಿ ಒಂಚೂರೂ ನಷ್ಟ ಆಗ್ದೆ ಒಂದೇ ಸಮನೆ ಓಡಿರಬೇಕು. ಓಡಿದ್ರೆ ನೀವು ಲೈನ್ ಟೆಕ್ನಿಷಿಯನ್. ಇಲ್ಲಾಂದ್ರೆ ಸೋಮವಾರ ಮೈಸೂರಿನ ತಂಡ ಬರ್ತದೆ, ಮುಂದಕ್ಕೂ ಅವರೇ ನೋಡ್ಕೋತಾರೆ."

ಅಂದು ಬುಧವಾರ. ಅಕ್ಕ ನನ್ನ ಕೈ ಹಿಡಿದುಕೊಂಡರು.

ಗುರುವಾರ ಬೆಳಿಗ್ಗೆ ಪರೀಕ್ಷೆ ಶುರು ಮಾಡಿ, ಕೊಳ್ಳೇಗಾಲದ ಯಂತ್ರದ ಕೋಣೆಯಲ್ಲಿ ಕುಳಿತು ಇಡ್ಲಿ ತಿನ್ನುತ್ತಾ ನಾನು ಅಕ್ಕನಿಗೆ ವಿವರಿಸಿದೆ. ಈ ವೇಗದಲ್ಲಿ ತಪ್ಪಾಗದೆ ಇರುವುದಿಲ್ಲ. ಬೆಳಕು ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕೆಲವು ಅಕ್ಷರ ಕೆಟ್ಟೇ ಕೆಡುತ್ತವೆ. ಆದ್ದರಿಂದ ಯಂತ್ರ ಐನೂರ ಹದಿನಾಲ್ಕು ಅಕ್ಷರ ಸೇರಿಸಿ ಒಂದು ಕಟ್ಟು ಕಟ್ಟುತ್ತದೆ. ಜೊತೆಗೆ ಹದಿನಾಲ್ಕು ಕಾವಲಿನ ಅಕ್ಷರ ಕಳಿಸುತ್ತದೆ. ಈ ಕಾವಲಿನ ಲೆಕ್ಕದಿಂದ, ಕಟ್ಟಿನೊಳಗೆ ಏಳು ಅಕ್ಷರ ಕೆಟ್ಟರೂ ಈ ಕಡೆಯ ಯಂತ್ರ ತಾನೇ ಹುಡುಕಿ ತಿದ್ದಿಬಿಡುತ್ತದೆ.

"ಎಂಟ್ ಕೆಟ್ರೆ?"

"ಎಂಟು ಕೆಟ್ಟರೆ ತಿದ್ದೋಕಾಗಲ್ಲ ಅಕ್ಕ. ಇಡೀ ಕಟ್ಟನ್ನೇ ಬಿಸಾಕುತ್ತೆ."

"ಉಳ್ದ ಐನೂರು ಚೆನ್ನಾಗಿದ್ರೂವೆ?"

"ಇದ್ರೂ."

ಅಕ್ಕ ಇಡ್ಲಿ ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ಅದೇನ್ ದುರಹಂಕಾರನವ್ವ ಅದ್ಕೆ! ಎಂಟ್ಗೂ ಏಳ್ಗೂ ಒಂದೇ ತಾನೆ ಮದ್ದೆ? ಇನ್ನೊಂದಿಷ್ಟ್ ಕಾವಲು ಆಕ್ಬುಡು. ಹದಿನಾಕು ಯಾಕೆ, ನೂರಾಕು."

"ನೂರು ಹಾಕಿದ್ರೆ ಬಸ್ಸಿನ ತುಂಬ ಕಂಡಕ್ಟರುಗಳೇ ಆಗ್ತಾರೆ ಅಕ್ಕ. ಪ್ಯಾಸೆಂಜರ್ ಎಲ್ಲಿ ಕೂರೋದು?"

ಅಕ್ಕ ಎಷ್ಟು ನಕ್ಕರೆಂದರೆ ಚಟ್ನಿ ನೆತ್ತಿಗೇರಿತು. ನೀರು ಕುಡಿದು ಮತ್ತೆ ಕೇಳಿದರು. "ಸರಿ, ಕೆಟ್ಟೋದ್ರೆ ಇನ್ನೊಂದ್ ಕಿತ ಕಳ್ಸು ಅನ್ನದು?"

"ಒಂದು ಸೆಕೆಂಡಿಗೆ ಎರಡು ಕೋಟಿ ಕಟ್ಟು ಬರ್ತವೆ. ಕೇಳೋಕೆ ಈ ಯಂತ್ರಕ್ಕೆ ಪುರುಸೊತ್ತೇ ಇಲ್ಲ. ತಿದ್ದೋಕೂ ಅಷ್ಟೆ, ಹೆಚ್ಚು ತಿದ್ದಬೇಕು ಅಂದ್ರೆ ಹೆಚ್ಚು ಹೊತ್ತು ಕಟ್ಟನ್ನ ಹಿಡ್ಕೊಂಡು ಕೂರಬೇಕು, ಯಂತ್ರ ಬಿಸಿಯಾಗುತ್ತೆ, ಹಿಂದಿನವು ಕಾಯ್ತಾ ನಿಲ್ಲಬೇಕು. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕು. ಏಳಕ್ಕೆ ಎಳೆದಿದ್ದಾರೆ."

ಅಕ್ಕ ಕೈ ತೊಳೆದುಕೊಂಡು ಬಂದು ಯಂತ್ರದ ಹಸಿರು ದೀಪ ನೋಡಿದರು. "ಒಂದ್ ತಪ್ಪಿದ್ರೂ ಹಸುರು, ಏಳಿದ್ರೂ ಹಸುರು. ಇದು ನಮ್ ರೇಸ್ಮೆ ಕಾರ್ಖಾನೆ ಮೇಸ್ತ್ರಿ ತರ. ಒಳ್ಗೇ ಎಲ್ಲಾನೂ ಮುಚ್ಕಬುಡದು, ಆಮೇಕೆ ಒಂದಿನ ದಬಾರಂತ ಬೀಳದು."

ಮಧ್ಯಾಹ್ನ ಮೂರು ಗಂಟೆಗೆ ದಬಾರೆಂದು ಬಿತ್ತು. ಹಳೆಯ ಲೈನಾಗಿದ್ದರೆ ನಿಧಾನವಾಗುತ್ತಿತ್ತು, ತೊದಲುತ್ತಿತ್ತು, ಸೂಚನೆ ಕೊಡುತ್ತಿತ್ತು. ಇದು ಒಂದು ಕ್ಷಣ ಪೂರ್ತಿ ಸರಿ, ಮರುಕ್ಷಣ ಪೂರ್ತಿ ಸತ್ತಿತು. ಅಕ್ಕ ಯಂತ್ರಕ್ಕೆ ಸಿಕ್ಕಿಸಿದ್ದ ಎಳೆಯ ತುದಿಯನ್ನು ಬಿಚ್ಚಿ, ಚೆನ್ನಾಗಿ ಒರೆಸಿ, ಮತ್ತೆ ಸಿಕ್ಕಿಸಿದರು. ಶುಕ್ರವಾರ ಎಂಟಕ್ಕೆ ಶುರು ಮಾಡಿದೆವು. ಹನ್ನೊಂದೂವರೆಗೆ ಸತ್ತಿತು. ಇನ್ನೂ ಚೆನ್ನಾಗಿ ಒರೆಸಿದರು. ಹನ್ನೆರಡಕ್ಕೆ ಶುರು, ಹನ್ನೆರಡು ನಲವತ್ತಕ್ಕೆ ಸಾವು. ಬಾಗಿಲಲ್ಲಿ ನಿಂತಿದ್ದ ಶಾಂತಮೂರ್ತಿ ತಲೆ ಮೇಲೆ ಕೈ ಇಟ್ಟುಕೊಂಡರು.

"ಪದ್ಮಿನಮ್ಮ, ನೀನು ಉಜ್ಜದಂಗೆಲ್ಲ ಅದ್ರ ಆಯಸ್ಸು ಕಮ್ಮಿ ಆಯ್ತಾ ಅದಲ್ಲ! ಕೈ ಮುಗೀತೀನಿ, ಅದ ಮುಟ್ಬ್ಯಾಡ."

"ಮುಟ್ದೆ ಎಂಗ್ ಸಾ ಚೊಕ್ಕಟ ಮಾಡದು?" ಎಂದು ಅಕ್ಕ ಮೂಲೆಯಲ್ಲಿ ಕುಳಿತರು. ಕಣ್ಣು ತುಂಬಿತ್ತು. ಮಡಿಲಲ್ಲಿ ಒಂದು ಪುಟ್ಟ ಸ್ಟೀಲ್ ಡಬ್ಬಿ, ಅದರೊಳಗೆ ಒಂದು ಬಟ್ಟೆಯ ಚೂರು. ಮೊದಲೂ ಎಷ್ಟೋ ಸಲ ನೋಡಿದ್ದೆ, ಕೇಳಿರಲಿಲ್ಲ. ಈಗ ಕೇಳಿದೆ.

"ಇದಾ? ರೇಸ್ಮೆ. ನಮ್ಮತ್ತೆ ರಂಗಮ್ಮನ ಮದ್ವೆ ಸೀರೇದು. ಮೊದ್ಲು ಬೀರುನಲ್ಲಿರೋ ಸ್ಪಿರಿಟ್ನಲ್ಲೇ ಒರುಸ್ತಿದ್ದೆ ಕಣವ್ವ, ಸಾರಾಯಿ ವಾಸ್ನೆ ಒಡೀತದೆ ಅದು. ಒಂದಿನ ಹನೂರಿಂದ ಬತ್ತಿದ್ದೆ, ಬಸ್ನಲ್ಲಿ ಪಕ್ದೋಳು ಮೂಸಿ ಮೂಸಿ ನೋಡಿ ಎದ್ ನಿಂತ್ಕಂಡ್ಳು. ಕಂಡಕ್ಟ್ರು, 'ಏನಮ್ಮ, ಗಂಡಸ್ರೇ ಸಂಜೆಗಂಟ ತಡೀತಾರೆ' ಅಂದ. ಇಡೀ ಬಸ್ಸು ನಗ್ತು. ಮನೆ ಬಾಗ್ಲಲ್ಲಿ ನಮ್ಮತ್ತೆನೂ ಮೂಸುದ್ರು! ಅವ್ರಿಗೆ ಎಲ್ಲಾನೂ ಬುಡಿಸಿ ಯೋಳ್ದೆ. ಆವಾಗ ಅವ್ರು ಪೆಟ್ಗೆ ತಗ್ದು ಈ ಚೂರ್ ಕೊಟ್ರು. ರೇಸ್ಮೆಗೆ ಮೈಲ್ಗೆ ಇಲ್ಲ, ಅದು ಯಾವಾಗ್ಲೂ ಮಡಿ, ಅದ್ರಲ್ ಒರಿಸು, ಅದುಕ್ಕಿಂತ ಚೊಕ್ಕಟ ಏನದೆ ಅಂದ್ರು."

ನಾನು ಆ ಚೂರನ್ನು ಕೈಗೆತ್ತಿಕೊಂಡು ನೋಡಿದೆ. ಗಾಜು. ರೇಷ್ಮೆ. ಗಾಜನ್ನು ರೇಷ್ಮೆಯಿಂದ ಉಜ್ಜುವುದು. ಎಲ್ಲಿ ಓದಿದ್ದೆ ಇದನ್ನು? ಥಟ್ಟನೆ ನಮ್ಮ ಹೈಸ್ಕೂಲಿನ ವಿಜ್ಞಾನದ ಪಾಠ ಎದುರಿಗೆ ಬಂದು ನಿಂತಿತು: ಗಾಜಿನ ಕಡ್ಡಿಯನ್ನು ರೇಷ್ಮೆ ಬಟ್ಟೆಯಿಂದ ಉಜ್ಜಿದರೆ ಅದರಲ್ಲಿ ವಿದ್ಯುತ್ತು ನಿಂತು, ಅದು ಹಗುರ ವಸ್ತುಗಳನ್ನು ತನ್ನತ್ತ ಸೆಳೆಯುತ್ತದೆ.

"ಅಕ್ಕಾ!" ಎಂದು ನಾನು ಕೂಗಿದ ರಭಸಕ್ಕೆ ಶಾಂತಮೂರ್ತಿಯವರ ಕೈಯ ಫೋನು ಬಿತ್ತು.

ಬಸ್ ಟಿಕೆಟನ್ನು ಚೂರು ಚೂರು ಮಾಡಿ ಮೇಜಿನ ಮೇಲೆ ಹರಡಿದೆ. ಟೀ ಕುಡಿದಿಟ್ಟಿದ್ದ ಗಾಜಿನ ಲೋಟ ತೊಳೆದು, ಒಣಗಿಸಿ, ರೇಷ್ಮೆಯ ಚೂರಿನಿಂದ ಗಸಗಸ ಉಜ್ಜಿ, ಟಿಕೆಟಿನ ಚೂರುಗಳ ಮೇಲೆ ಹಿಡಿದೆ. ಒಂದು ಚೂರು ಎದ್ದು ನಿಂತಿತು. ಇನ್ನೊಂದು ನೆಗೆದು ಲೋಟಕ್ಕೆ ಅಂಟಿಕೊಂಡಿತು. ಹಿಂದೆಯೇ ಮತ್ತೆ ಎರಡು.

ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡರು. "ಅಯ್ಯಯ್ಯೋ, ಮಾಟ!"

"ಮಾಟ ಅಲ್ಲ ಅಕ್ಕ, ಹೈಸ್ಕೂಲು! ನೀವು ಒರೆಸಿದಷ್ಟೂ ಆ ತುದಿ ಈ ಕೋಣೆಯ ಧೂಳನ್ನೆಲ್ಲ ಕರೆದು ಕರೆದು ಮೈಗೆ ಅಂಟಿಸಿಕೊಳ್ತಾ ಇದೆ. ಮೊನ್ನೆ ಗೋಡೆ ಕೊರೆದ ಸಿಮೆಂಟ್ ಪುಡಿ ಬೇರೆ! ಹಳೆ ಲೈನು ನಿಧಾನ ಇತ್ತು, ಒಂದಿಷ್ಟು ಧೂಳು ತಡ್ಕೊಳ್ತಿತ್ತು. ಇದು ತಡ್ಕೊಳ್ಳಲ್ಲ."

ಶಾಂತಮೂರ್ತಿ ಲೋಟವನ್ನು ಕಿತ್ತುಕೊಂಡು ತಾವೂ ಉಜ್ಜಿದರು. ಟಿಕೆಟಿನ ಚೂರು ನೆಗೆಯಿತು. ಮತ್ತೆ ಉಜ್ಜಿದರು. ಐವತ್ತೆರಡು ವಯಸ್ಸಿನ ಮನುಷ್ಯ, "ನೋಡ್ರಲೇ, ನೋಡ್ರಲೇ" ಎಂದು ಯಾರೂ ಇಲ್ಲದ ಬಾಗಿಲ ಕಡೆಗೆ ಕೂಗುತ್ತಿದ್ದರು. ಮೂವರೂ ಬಿದ್ದು ಬಿದ್ದು ನಕ್ಕೆವು. ಪರೀಕ್ಷೆ ಮೂರು ಸಲ ಸತ್ತಿದೆ, ಭಾನುವಾರ ಹತ್ತಿರ ಬಂದಿದೆ ಎಂಬುದೇ ಮರೆತುಹೋಗಿತ್ತು.

ನಗು ನಿಂತ ಮೇಲೆ ಅಕ್ಕ ಎದ್ದು, ಬೀರುವಿನಲ್ಲಿ ಸೀಲು ಒಡೆಯದೆ ಇಟ್ಟಿದ್ದ ಸ್ಪಿರಿಟ್ ಬಾಟಲಿಯನ್ನೂ ನಾರು ಬಿಡದ ಒರೆಸುವ ಕಾಗದಗಳನ್ನೂ ತಂದರು. ಮೂಗು ಮುರಿದರು, ಒಂದೊಂದು ತುದಿಯನ್ನೂ ಒಂದೇ ದಿಕ್ಕಿಗೆ ಒಮ್ಮೆ ಎಳೆದು ಒರೆಸಿದರು, ಸಿಕ್ಕಿಸಿದರು. ಶುಕ್ರವಾರ ಸಂಜೆ ಐದಕ್ಕೆ ಪರೀಕ್ಷೆ ಮತ್ತೆ ಶುರುವಾಯಿತು.

ದೀಪ ನೋಡಿದರೆ ಸಾಲದೆಂದು ನಾನು ಲ್ಯಾಪ್‌ಟಾಪಿನಲ್ಲಿ ಒಳಗಿನ ಪಟ್ಟಿ ತೆರೆದಿಟ್ಟೆ. ಒಂದು ತಪ್ಪು ತಿದ್ದಿದ ಕಟ್ಟುಗಳೆಷ್ಟು, ಎರಡು ತಿದ್ದಿದವೆಷ್ಟು, ಹೀಗೆ ಏಳರವರೆಗೆ ಏಳು ಸಾಲು. ಕೊನೆಯಲ್ಲಿ ಕೈಬಿಟ್ಟ ಕಟ್ಟುಗಳ ಸಾಲು. ಅದು ಸೊನ್ನೆಯೇ ಇರಬೇಕು. ಅಕ್ಕ ಆ ಪಟ್ಟಿಯನ್ನು ಒಲೆ ಮೇಲಿನ ಹಾಲಿನಂತೆ ಕಾದರು. ಸಂಜೆಯ ತಂಪಿಗೆ ಮೂರರ ಸಾಲಿನಿಂದಾಚೆ ಏನೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಬಂದು ನೋಡಿದಾಗಲೂ ಹಾಗೇ ಇತ್ತು. ಶಾಂತಮೂರ್ತಿ ಮೈಸೂರ್‌ಪಾಕಿನ ಪೊಟ್ಟಣ ತಂದು ಯಂತ್ರದ ಮೇಲಿಟ್ಟರು. ನಾನು ಇಳಿಸಿದೆ, ಯಂತ್ರ ಬಿಸಿಯಾಗುತ್ತದೆಂದು. ಅವರು ಮತ್ತೆ ಇಟ್ಟರು.

ಬಿಸಿಲು ಏರಿತು; ಕಾವು ಹೆಚ್ಚಿದಂತೆ ತಪ್ಪೂ ಹೆಚ್ಚುತ್ತದೆ. ನಾಲ್ಕರ ಸಾಲು ಅಲ್ಲಾಡಿತು. ಎರಡು ಗಂಟೆಗೆ ಐದರ ಸಾಲಿನಲ್ಲಿ ಹತ್ತಾರು. ಮೂರೂವರೆಗೆ ಆರರ ಸಾಲಿನಲ್ಲಿ ಒಂದು ಬಂತು, ಸ್ವಲ್ಪ ಹೊತ್ತಿಗೆ ಇನ್ನೊಂದು. ದೀಪ ಮಾತ್ರ ಹಸಿರು.

"ಭವ್ಯಾ," ಅಕ್ಕ ಮೆಲ್ಲಗೆ ಕರೆದರು, "ಈ ತಪ್ಪು ಹನೂರಿನ ತುದೀದು. ಯಂತ್ರ ಕೂರ್ಸುವಾಗ ಅದನ್ನೂ ರೇಸ್ಮೇಲೇ ಒರ್ಸಿದ್ದೆ."

"ಇರಲಿ ಅಕ್ಕ. ಇನ್ನು ಒಂದೂವರೆ ಗಂಟೆ ಅಷ್ಟೆ. ಆರು ಎರಡೇ ಬಂದಿರೋದು, ಏಳು ಒಂದೂ ಇಲ್ಲ. ನಾನು ಲೆಕ್ಕ ಹಾಕಿದ್ದೀನಿ, ಎಂಟು ಬರೋ ಸಂಭವ ತೀರಾ ಕಡಿಮೆ. ಪಾಸಾಗುತ್ತೆ."

"ಪಾಸಾಗ್ತದೆ. ಆಮೇಕೆ?"

ಅಕ್ಕ ಕೇಳಿದ್ದು ಏನೆಂದು ನನಗೆ ಅರ್ಥವಾಯಿತು. ಪಾಸಾದ ಗಳಿಗೆಯಿಂದ ಈ ಲೈನಿನ ಮೇಲೆ ಹನೂರಿನ ಬ್ಯಾಂಕು, ಆಸ್ಪತ್ರೆ, ತಾಲ್ಲೂಕು ಕಚೇರಿ ಎಲ್ಲ ಹತ್ತಿ ಕೂರುತ್ತವೆ. ಆಮೇಲೆ ಒಂದು ತುದಿ ಬಿಚ್ಚಬೇಕಾದರೂ ಮೇಲಿನಿಂದ ಅಪ್ಪಣೆ ಬರಬೇಕು. ಅದು ತಿಂಗಳುಗಟ್ಟಲೆ. ಈಗ ಇನ್ನೂ ಫಾಲ್ಗುಣದ ಬಿಸಿಲು. ಚೈತ್ರ ಬರಲಿಕ್ಕಿದೆ.

"ಬಿಚ್ಚುದ್ರೆ ಇಪ್ಪತ್ತೆರಡೂವರೆ ಗಂಟೆ ಬೂದಿಗಾಕ್ದಂಗೆ," ಎಂದರು ಶಾಂತಮೂರ್ತಿ. ಅವರ ಮುಖ ಮೈಸೂರ್‌ಪಾಕಿಗಿಂತ ಹಳದಿಯಾಗಿತ್ತು. "ಇನ್ನೊಂದ್ಸಲ ಶುರು ಮಾಡ್ಬೇಕು ಅಂದ್ರೆ ಇವತ್ತ್ ಸಂಜೆ ಆರರೊಳಗೆ ಆಗ್ಬೇಕು. ಆರೂ ಐದಾದ್ರೆ ನಿನ್ ಕೆಲ್ಸ ಓಯ್ತು. ತಿಳ್ಕಂಡ್ ಮಾತಾಡ್ತಿದ್ದೀಯಾ?"

"ಸಾ, ಕೆಲ್ಸ ಸಿಕ್ಕುದ್ರೆ ನಾಳೆಯಿಂದ ಈ ಲೈನು ಯಾರ್ದು?"

"ನಿಂದೇಯ."

"ಯುಗಾದಿ ಹೊತ್ಗೆ ಅದು ದಬಾರಂತ ಬಿದ್ದು, ಆಸ್ಪತ್ರೇಲಿ ಜನ ಚೀಟಿ ಇಡ್ಕಂಡು ನಿಂತ್ಕಂಡ್ರೆ ಬೈಸ್ಕಳದು ಯಾರು?"

ಶಾಂತಮೂರ್ತಿ ಮೈಸೂರ್‌ಪಾಕಿನ ಪೊಟ್ಟಣವನ್ನು ಯಂತ್ರದ ಮೇಲಿಂದ ಇಳಿಸಿದರು.

"ನಾನೇ ತಾನೆ? ಆ ದೀಪ ಮುಚ್ಕಂಡದೆ ಅಂತ ನಾನೂ ಮುಚ್ಕಳದಾ? ಗಾಡಿ ತಗೀರಿ ಸಾ."

ಗಾಡಿ ಎಂದರೆ ಶಾಂತಮೂರ್ತಿಯವರ ಹಳೆಯ ಮೊಪೆಡ್. ಅದರ ಮೇಲೆ ಅವರು, ಹಿಂದೆ ಸ್ಪಿರಿಟ್ ಬಾಟಲಿ ಎದೆಗವಚಿಕೊಂಡ ಅಕ್ಕ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹೊರಟರು. ನಾನು ಕೋಣೆಯಲ್ಲೇ ಉಳಿದು ಫೋನಿನಲ್ಲಿ ಕೇಳುತ್ತಿದ್ದೆ. ಗಾಳಿಯ ಸದ್ದಿನ ನಡುವೆ ಅಕ್ಕನ ದನಿ ತುಂಡು ತುಂಡಾಗಿ ಬರುತ್ತಿತ್ತು. "ಕುರಿ ಮಂದೆ ಅಡ್ಡ ಬಂತು ಕಣವ್ವ... ಸಾ, ಹಾರನ್ ಒಡೀರಿ... ಹಾರನ್ ಇಲ್ವಂತೆ ಕಣವ್ವ!... ಏ ಅಣ್ಣೋ, ಕುರಿ ಇಡ್ಕೋ, ಎಂಟಾಯ್ತದೆ, ಎಂಟಾಯ್ತದೆ!" ಕುರುಬಣ್ಣನಿಗೆ ಏನು ಎಂಟಾಗುತ್ತದೆಂದು ಅರ್ಥವಾಯಿತೋ ಇಲ್ಲವೋ, ದಾರಿಯಂತೂ ಬಿಟ್ಟನಂತೆ. ಒಂದು ಕಡೆ ಪೆಟ್ರೋಲ್ ಮುಗಿಯಿತು. ಅಕ್ಕ ಬಾಟಲಿ ತೋರಿಸಿ, "ಇದ್ನೇ ಸುರ್ದ್ಬುಡ್ಲಾ?" ಎಂದರಂತೆ. "ಸುರ್ದು ಏನಲ್ಲಿ ಒರುಸ್ತೀಯ, ಸೆರಗಲ್ಲಾ?" ಎಂದು ಶಾಂತಮೂರ್ತಿ ಕಿರುಚಿದ್ದು ನನಗೂ ಕೇಳಿಸಿತು. ಎದುರಿನಿಂದ ಬಂದ ಹಾಲಿನ ಗಾಡಿಯವನು ಅರ್ಧ ಲೀಟರ್ ಕೊಟ್ಟು ಕಳಿಸಿದ.

ಐದೂ ಕಾಲಿಗೆ ಹನೂರಿನ ಯಂತ್ರದ ಕೋಣೆಯ ಬೀಗ ತೆಗೆದರು. "ಬಿಚ್ಲಾ?" ಎಂದರು ಅಕ್ಕ.

ಪರದೆಯ ಮೇಲೆ ಪರೀಕ್ಷೆ ಇಪ್ಪತ್ತನಾಲ್ಕು ಗಂಟೆ ತುಂಬಿ, ಗುರಿ ಮುಟ್ಟಿ, ಇನ್ನೂ ಓಡುತ್ತಿತ್ತು! ಐದು ಗಂಟೆಗೇ ಪಾಸಾಗಿಬಿಟ್ಟಿತ್ತು. ಕುರಿ, ಪೆಟ್ರೋಲು, ಹಾಲಿನ ಗಾಡಿಯ ಗಲಾಟೆಯಲ್ಲಿ ಗಡಿಯಾರವನ್ನು ನಾವು ಮೂವರೂ ನೋಡಿರಲಿಲ್ಲ. ನಾನು ಅದನ್ನು ಹೇಳಿದೆ. ಕೈಬಿಟ್ಟ ಕಟ್ಟು ಸೊನ್ನೆ, ಆರರ ಸಾಲಿನಲ್ಲಿ ಒಂಬತ್ತು, ಏಳರಲ್ಲಿ ಒಂದು. ಕುಮಾರಸ್ವಾಮಿಯವರಿಗೆ ಈಗಲೇ ಕಳಿಸಿದರೆ ಕೆಲಸ ಅಕ್ಕನದು.

ಆ ಕಡೆ ಶಾಂತಮೂರ್ತಿ, "ಕಳ್ಸು ಅನ್ನು, ಕಳ್ಸು ಅನ್ನು" ಎಂದು ಗೊಣಗುತ್ತಿದ್ದರು.

"ಏಳರಲ್ಲಿ ಒಂದ್ ಬಂದದೆ ಅಂದ್ಯಲ್ಲಾ?"

"ಹೂಂ ಅಕ್ಕ."

"ಬಿಚ್ತಾ ಇವ್ನಿ," ಎಂದರು ಅಕ್ಕ. ನನ್ನ ಪರದೆಯ ಮೇಲಿನ ದೀಪ ಕೆಂಪಾಯಿತು.

ಆ ಇಪ್ಪತ್ತು ನಿಮಿಷ ನಾನು ಕೋಣೆಯ ಸುತ್ತ ಎಷ್ಟು ಸಲ ತಿರುಗಿದೆನೋ ಗೊತ್ತಿಲ್ಲ. ಐದು ಮೂವತ್ತೆಂಟಕ್ಕೆ ದೀಪ ಮತ್ತೆ ಹಸಿರಾಯಿತು. ಪರೀಕ್ಷೆ ಮೊದಲಿನಿಂದ ಶುರುವಾಯಿತು. ಒಂದರ ಸಾಲು ಮಾತ್ರ ಮೆಲ್ಲಗೆ ಓಡುತ್ತಿತ್ತು.

ಭಾನುವಾರ ಇಡೀ ಹಗಲು ನಾವು ಪಟ್ಟಿಯ ಮುಂದೆ ಕುಳಿತೆವು. ಬಿಸಿಲು ನಿನ್ನೆಗಿಂತ ಜೋರಾಗಿತ್ತು. ಮೂರು ಗಂಟೆಗೆ ಎರಡರ ಸಾಲಿನಲ್ಲಿ ಒಂದಷ್ಟು ಬಂದವು. ಅಕ್ಕ ಅವನ್ನು ನೆಂಟರಂತೆ ಬರಮಾಡಿಕೊಂಡರು: "ಬನ್ರಪ್ಪ ಬನ್ರಿ, ನೀವು ಎರಡಾದ್ರೆ ಪರ್ವಾಗಿಲ್ಲ, ನಿಮ್ಮಣ್ಣಂದ್ರ ಮಾತ್ರ ಕರಕಂಡ್ ಬರ್ಬ್ಯಾಡಿ." ಮೂರರ ಸಾಲಿನವರು ಬರಲಿಲ್ಲ. ಐದು ಮೂವತ್ತೆಂಟಕ್ಕೆ ಶಾಂತಮೂರ್ತಿ ಕುರ್ಚಿಯಿಂದೆದ್ದು ಒಂದು ಹೆಜ್ಜೆ ಕುಣಿದು, ನಮ್ಮನ್ನು ನೋಡಿ ಕೆಮ್ಮಿ ಕುಳಿತರು.

ಆರಕ್ಕೆ ಐದು ನಿಮಿಷವಿರುವಾಗ ಕುಮಾರಸ್ವಾಮಿಯವರು ಬಂದರು. ಹಸಿರು ದೀಪ ನೋಡಿದರು, ನಷ್ಟ ಸೊನ್ನೆ ಎಂಬುದನ್ನು ನೋಡಿದರು, ಪೆನ್ನು ತೆಗೆದರು.

"ಸಾ, ದೀಪ ನೋಡಿ ಸೈನ್ ಮಾಡ್ಬ್ಯಾಡಿ," ಎಂದರು ಅಕ್ಕ. "ದೀಪ ನಿನ್ನೇನೂ ಹಸುರೇ ಇತ್ತು. ನಿನ್ನೆ ಪಾಸಾಗಿತ್ತು. ನಾನೇ ಬಿಚ್ಚಾಕ್ದೆ. ಈ ಪಟ್ಟಿ ನೋಡಿ."

ಅವರು ಪೆನ್ನು ಹಿಡಿದೇ ಪಟ್ಟಿ ನೋಡಿದರು. ನಿನ್ನೆಯದನ್ನೂ ನಾನು ತೋರಿಸಿದೆ: ಆರರಲ್ಲಿ ಒಂಬತ್ತು, ಏಳರಲ್ಲಿ ಒಂದು. ಆಮೇಲೆ ತಮ್ಮ ಫೋನು ತೆಗೆದು ಏನೋ ಒತ್ತಿದರು, ಅಕ್ಕನ ಕಡೆ ತಿರುಗಿಸಿದರು.

"ಇದು ಯಳಂದೂರು ಲೈನು, ಅಲ್ಲೂ ಇದೇ ಯಂತ್ರ. ಮೂರು ತಿಂಗಳಿಂದ ಹಸಿರೇ ಇದೆ ಅಂತ ನಾನು ಈ ಪಟ್ಟಿ ತೆಗೆದೇ ಇರಲಿಲ್ಲ. ನೀವೇ ಓದಿ."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಏಳರ ಸಾಲಿಗೆ ಬಂದು ಬೆರಳು ನಿಂತಿತು. "ನಲ್ವತ್ತೊಂದು! ಅಯ್ಯೋ ಸಾ, ಇದು ಇನ್ನೇನ್ ಬೀಳ್ತದೆ!"

ಕುಮಾರಸ್ವಾಮಿ ಕಾಗದಕ್ಕೆ ಸಹಿ ಹಾಕಿ ಅಕ್ಕನ ಕೈಗೆ ಕೊಟ್ಟರು. "ಬಿಚ್ಚೋಕೆ ಅಪ್ಪಣೆ ನಾನು ತರ್ತೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಡ್ಯೂಟಿಗೆ ಬನ್ನಿ."

"ಹತ್ತಕ್ ಯಾಕೆ ಸಾ, ಯಳಂದೂರು ನಮ್ಮೂರ ಪಕ್ಕನೇ ತಾನೆ? ಆರಕ್ಕೇ ಬಾಗ್ಲಲ್ಲಿ ಇರ್ತೀನಿ. ಬಿಸ್ಲು ಏರೋ ಒಳ್ಗೆ ಮುಗಿಸ್ಬುಡನ," ಎನ್ನುತ್ತಾ ಅಕ್ಕ ಕಾಗದವನ್ನು ಮಡಿಸಲು ಹೋದರು. ಮೂರು ಸಲ ಮಡಿಸಿ ಬಿಚ್ಚಿದರೂ ಮಡಿಕೆ ಕೂಡಲಿಲ್ಲ. ಕಣ್ಣಿಗೆ ಕಾಣದ ಎಳೆಯನ್ನು ಒಂದೇ ಸಲಕ್ಕೆ ಕೂಡಿಸುವ ಆ ಬೆರಳುಗಳಿಂದ ಕಾಗದವನ್ನು ಕೊನೆಗೆ ನಾನೇ ತೆಗೆದುಕೊಂಡು ಮಡಿಸಿಕೊಟ್ಟೆ.